ಗ್ಯಾಲರಿಯಲ್ಲಿ ಕುಳಿತ ದಾನಿ

ಊರಿನ ಹೆಸರು ಬರೆಯುವುದಿಲ್ಲ. ನಾನು ಇನ್ನೂ ಅಲ್ಲಿಯೇ ಬದುಕಬೇಕು. ವಡೋದರಾದಿಂದ ಸೂರತ್ ಕಡೆಗೆ ಹೋಗುವ ಹೆದ್ದಾರಿಯ ಬದಿಗೆ ಒಂದು ಸಣ್ಣ ಊರು, ಅದಕ್ಕೊಂದು ಪುರಸಭೆ, ಪುರಸಭೆಗೆ ಗಾಜಿನ ಮುಖದ ಹೊಸ ಕಟ್ಟಡ ಎಂದರೆ ಸಾಕು. ಅಂಥ ಊರುಗಳು ಬೇಕಾದಷ್ಟಿವೆ, ಯಾರಿಗೂ ಗುರುತು ಸಿಗುವುದಿಲ್ಲ.

ನಾನು ರಾಣೇಬೆನ್ನೂರಿನ ಕಡೆಯವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಸೋದರಮಾವನ ಹಿಂದೆ ಗುಜರಾತಿಗೆ ಬಂದೆ. ವಡೋದರಾದ ಮಕರಪುರದ ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಕಲಿತೆ. ಈಗ ಅಲ್ಲಿಯೇ ನನ್ನದೊಂದು ಶೆಡ್ ಇದೆ. ಗೇಟು, ಗ್ರಿಲ್ಲು, ಮೆಟ್ಟಿಲಿನ ರೇಲಿಂಗು ಮಾಡುತ್ತೇವೆ. ಪಕ್ಕದ ಮಂಜಲ್‌ಪುರದಲ್ಲಿ ಅರ್ಧದಷ್ಟು ಬಾಲ್ಕನಿಗಳಿಗೆ ನನ್ನ ಕಂಬಿಗಳೇ ಇವೆ ಎಂದು ನಾನು ಹೇಳುತ್ತಿರುತ್ತೇನೆ. ಸ್ವಲ್ಪ ಹೆಚ್ಚಾಗಿಯೇ ಹೇಳುತ್ತೇನೆ, ಆದರೆ ಪೂರ್ತಿ ಸುಳ್ಳಲ್ಲ. ಯಾರ ಮುಂದೆಯೂ ಕೈ ಒಡ್ಡಿದವನಲ್ಲ, ಸರಕಾರದ ಮುಂದಂತೂ ಇಲ್ಲವೇ ಇಲ್ಲ. ಪುರಸಭೆ ಎಂದರೆ ನನಗೆ ಮನೆ ತೆರಿಗೆ ಮತ್ತು ಬೆಳಿಗ್ಗೆ ಹಾಡು ಹಾಕಿಕೊಂಡು ಬರುವ ಕಸದ ಗಾಡಿ, ಅಷ್ಟೇ ಆಗಿತ್ತು.

ಆಮೇಲೆ ಹೆಂಡತಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಮಾತ್ರ ಉಳಿಯಿತು, ಅದೂ ಮೊದಲಿಗಿಂತ ಚೂಪಾಗಿ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ವ್ಯಾಯಾಮ ಮಾಡಿಸಲು ಒಬ್ಬ ಖಾಸಗಿ ಹುಡುಗನನ್ನು ಗೊತ್ತು ಮಾಡಿದೆ. ಒಳ್ಳೆಯ ಹುಡುಗ, ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಇವಳು ಅವನನ್ನು ಕಂಡರೆ ಸಾಕು, ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

"ಯಾರೋ ಗಂಡಸು ಬಂದು ಕಾಲು ಹಿಡೀತಾನ. ನಾ ಒಲ್ಲೆ," ಎಂದಳು.

"ನಿನ್ನ ಮಗನ ವಯಸ್ಸಿನಾಂವ ಅದಾನ."

"ನನಗ ಮಗ ಇಲ್ಲ. ಮಗಳದಾಳ. ಆಕಿ ಬಂದು ಹಿಡೀಲಿ."

ಮಗಳು ಅಹಮದಾಬಾದಿನ ನವರಂಗಪುರದಲ್ಲಿ ಕೆಲಸದಲ್ಲಿದ್ದಾಳೆ. ಫೋನ್ ಮಾಡಿ, "ಅಪ್ಪಾ, ಅಮ್ಮಂಗೆ ಮೋಟಿವೇಶನ್ ಚಾಹಿಯೇ" ಎನ್ನುತ್ತಿದ್ದಳು. ಆ ಸಾಮಾನು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಕೊನೆಗೆ ನಮ್ಮ ಸೊಸೈಟಿಯಲ್ಲಿರುವ ಬ್ಯಾಂಕಿನವರು ದಾರಿ ತೋರಿಸಿದರು. ಅವರು ಮೈಸೂರಿನ ಕಡೆಯವರು, ವರ್ಗವಾಗಿ ಬಂದು ಇಲ್ಲಿಯೇ ನಿವೃತ್ತರಾದವರು. ಪುರಸಭೆಯ ಆರೋಗ್ಯ ಕೇಂದ್ರದಲ್ಲಿ ಒಂದು ಕೋಣೆ ಇದೆ, ಅಲ್ಲಿ ಒಬ್ಬ ಹುಡುಗಿ ಲಕ್ವದವರಿಗೆ ವ್ಯಾಯಾಮ ಕಲಿಸುತ್ತಾಳೆ, ಹೆಂಗಸರೇ ಹೆಚ್ಚು ಬರುತ್ತಾರೆ ಎಂದರು. ಪುಕ್ಕಟೆಯದು ನನಗೆ ಬೇಡ ಎಂದೆ. "ಅಲ್ಲ ಕಣ್ರೀ, ವರ್ಷಾ ವರ್ಷಾ ತೆರಿಗೆ ಕಟ್ತೀರಲ್ಲ, ಅದೇನು ಪುಕ್ಕಟೆನಾ?" ಎಂದು ಬೈದರು.

ಹೋದೆವು. ಆ ಹುಡುಗಿಯನ್ನು ಎಲ್ಲರೂ ಬೆನ್ ಎನ್ನುತ್ತಿದ್ದರು. ಇಲ್ಲಿ ಅಕ್ಕ, ತಂಗಿ ಎಲ್ಲರಿಗೂ ಅದೇ ಮಾತು. ಬೆನ್ ಮೊದಲ ದಿನ ಕಾಲು ಮುಟ್ಟಲೇ ಇಲ್ಲ. ಇವಳನ್ನು ಉಳಿದ ಹೆಂಗಸರ ನಡುವೆ ಕೂಡಿಸಿ ತನ್ನ ಪಾಡಿಗೆ ಹೋದಳು. ಒಬ್ಬಳು ಸೊಸೆಯ ಮೇಲೆ ದೂರು ಹೇಳುತ್ತಿದ್ದಳು, ಇನ್ನೊಬ್ಬಳು ಉಪ್ಪಿನಕಾಯಿಗೆ ಬೆಲ್ಲ ಎಷ್ಟು ಎಂದು ಜಗಳ ತೆಗೆದಿದ್ದಳು. ನನ್ನ ಹೆಂಡತಿಗೆ ಸಂತೆಗೆ ಸಾಕಾಗುವಷ್ಟು ಗುಜರಾತಿ ಬರುತ್ತದೆ. ಉಪ್ಪಿನಕಾಯಿಗೆ ಬೆಲ್ಲ ಹಾಕುತ್ತಾರೆಂಬುದನ್ನು ಕೇಳಿ ಅವಳಿಗೆ ಸುಮ್ಮನಿರಲು ಆಗಲಿಲ್ಲ. ಜಗಳಕ್ಕೆ ಇಳಿದಳು. ಜಗಳದ ಭರದಲ್ಲಿ ಬೆನ್ ಬಂದು ಕಾಲು ಎತ್ತಿದ್ದೂ ಇಳಿಸಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಆ ವರ್ಷ ದೀಪಾವಳಿಯ ಹೊತ್ತಿಗೆ ಅವಳು ಆ ಕೋಣೆಯಲ್ಲಿ ಹಿಡಿದು ನಡೆಯಲು ಇಟ್ಟಿದ್ದ ಎರಡು ಕಂಬಿಗಳ ನಡುವೆ ನಿಂತಳು. ಸಂಕ್ರಾಂತಿಗೆ, ಊರೆಲ್ಲ ಮಾಳಿಗೆಯ ಮೇಲೆ ಗಾಳಿಪಟ ಹಾರಿಸುವಾಗ, ಕಂಬಿ ಹಿಡಿದು ಹೆಜ್ಜೆ ಹಾಕುತ್ತಿದ್ದಳು. ಆ ಕೋಣೆ ಇದ್ದರೆ ಅವಳು ನಡೆಯುತ್ತಾಳೆ. ಇಲ್ಲದಿದ್ದರೆ ಮತ್ತೆ ಮಂಚ, ಸೆರಗು, ಗೋಡೆ. ನನಗೆ ಅದಕ್ಕಿಂತ ಬೇರೆ ರಾಜಕೀಯ ತಿಳಿಯದು.

ಆಗ ಬೆನ್ ಒಂದು ದಿನ ಹೇಳಿದಳು: ತನ್ನದು ಗುತ್ತಿಗೆಯ ಕೆಲಸ, ಮಾರ್ಚಿಗೆ ಮುಗಿಯುತ್ತದೆ. ಹೊಸ ಬಜೆಟ್ಟಿನಲ್ಲಿ ಪುರಸಭೆ ಹಣ ಇಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನಮ್ಮ ವಾರ್ಡಿಗೆ ನಾಲ್ವರು ಸದಸ್ಯರು. ನಾಲ್ವರಿದ್ದರೆ ಕೆಲಸ ನಾಲ್ಕು ಪಟ್ಟು ಆಗುತ್ತದೆ ಎಂದುಕೊಳ್ಳುವವನು ದಡ್ಡ. ಮೊದಲನೆಯವರು ಆರೋಗ್ಯ ನನ್ನದಲ್ಲ, ಎರಡನೆಯವರನ್ನು ಕೇಳಿ ಎಂದರು. ಎರಡನೆಯವರು ಮಹಿಳಾ ಸದಸ್ಯೆ, ಅವರ ಪರವಾಗಿ ಅವರ ಗಂಡ ಮಾತಾಡಿದರು. ಮೂರನೆಯವರು ಯಾವಾಗ ಹೋದರೂ ಮದುವೆಗೆ ಹೋಗಿರುತ್ತಿದ್ದರು. ನಾಲ್ಕನೆಯವರು ಮಾತ್ರ ಕುರ್ಚಿ ಕೊಟ್ಟು, ಚಹಾ ತರಿಸಿ, ಕೇಳಿದರು. ಇನ್ನೂ ನಲವತ್ತರ ಒಳಗಿನವರು, ಇಸ್ತ್ರಿಯ ಕುರ್ತಾ, ಯಾವಾಗಲೂ ಜೊತೆಗೊಬ್ಬ ಫೋಟೊ ತೆಗೆಯುವವನು.

"ಅರೇ ಕಾಕಾ, ಚಿಂತೆ ಯಾಕೆ? ಥಈ ಜಶೆ," ಎಂದರು. ಆಗಿಬಿಡುತ್ತದೆ ಎಂದು ಅರ್ಥ. ಗುಜರಾತಿನಲ್ಲಿ ಈ ಮಾತು ಕೇಳಿದ ಮೇಲೆ ನೆಮ್ಮದಿಯಾಗಿ ಮನೆಗೆ ಹೋಗಬಹುದು, ಆದರೆ ಮತ್ತೆ ಬರಬೇಕಾಗುತ್ತದೆ ಎಂಬುದು ನೆನಪಿರಲಿ.

ಆ ಕೋಣೆಯ ಕಂಬಿಗಳ ವಿಷಯ ಹೇಳಬೇಕು. ಹಳೆಯ ಮರದ ಕಂಬಿಗಳು ಅವು. ಒಂದು ಕಾಲಿಗೆ ಇಟ್ಟಿಗೆ ಚೂರು ಕೊಟ್ಟಿದ್ದರು, ಇನ್ನೊಂದಕ್ಕೆ ಹಗ್ಗ ಸುತ್ತಿದ್ದರು. ದಪ್ಪಗಿನ ಹೆಂಗಸರು ಹಿಡಿದರೆ ಇಡೀ ಸರಂಜಾಮು ಓಲಾಡುತ್ತಿತ್ತು. ನನ್ನ ಹೊಟ್ಟೆಪಾಡೇ ರೇಲಿಂಗು. ನನ್ನ ಹೆಂಡತಿ ಅಂಥದನ್ನು ಹಿಡಿದು ನಡೆಯುವುದನ್ನು ದಿನಾ ನೋಡಿಕೊಂಡು ಇರುವುದು ಹೇಗೆ? ಶೆಡ್ಡಿನಲ್ಲಿ ಸ್ಟೀಲ್ ಪೈಪು ಬಗ್ಗಿಸಿ, ಎತ್ತರ ಹೆಚ್ಚು ಕಡಿಮೆ ಮಾಡಲು ಬರುವಂತೆ ಹೊಸ ಜೋಡಿ ಕಂಬಿ ಮಾಡಿ, ಒಂದು ಭಾನುವಾರ ನೆಲಕ್ಕೆ ಬೋಲ್ಟು ಹೊಡೆದು ಕೂಡಿಸಿದೆ. ಯಾರನ್ನೂ ಏನೂ ಕೇಳಲಿಲ್ಲ.

ಸೋಮವಾರ ನಾಲ್ಕನೆಯ ಸದಸ್ಯರಿಗೆ ಸುದ್ದಿ ಮುಟ್ಟಿತು. ಮಂಗಳವಾರ ರಿಬ್ಬನ್ನು, ತೆಂಗಿನಕಾಯಿ, ಫೋಟೊ. ಗೋಡೆಗೆ ಒಂದು ಫಲಕ ಬಂತು. ಅದರ ಮೇಲೆ ಅವರ ಹೆಸರು ದೊಡ್ಡದಾಗಿ, ಕೆಳಗೆ 'ಲೋಕಭಾಗೀದಾರಿ' ಎಂದು. ಜನರೂ ಪಾಲುಗೊಂಡು ಮಾಡಿದ ಕೆಲಸ ಎಂದರ್ಥವಂತೆ. ನನ್ನ ಹೆಸರು ಬೇಡ ಎಂದಿದ್ದೆ, ಹಾಕಿರಲಿಲ್ಲ. ಹೋಗಲಿ ಬಿಡು, ಇಷ್ಟು ಮೆರೆದವನು ನಾಳೆ ಸಭೆಯಲ್ಲಿ ನಮ್ಮ ಪರ ಮಾತಾಡದೆ ಎಲ್ಲಿ ಹೋಗುತ್ತಾನೆ ಎಂದುಕೊಂಡೆ.

ಬಜೆಟ್ಟಿನ ಸಾಮಾನ್ಯ ಸಭೆಗೆ ಜನರು ಗ್ಯಾಲರಿಯಲ್ಲಿ ಕೂರಬಹುದು ಎಂದು ಬ್ಯಾಂಕಿನವರು ಹೇಳಿದರು. ಶೆಡ್ಡಿಗೆ ಬೀಗ ಹಾಕಿ, ಒಗೆದ ಅಂಗಿ ಹಾಕಿಕೊಂಡು ಅವರ ಜೊತೆ ಹೋದೆ. ಸದಸ್ಯರೆಲ್ಲ ಬಂದು ಕೂತರು. ಅಧ್ಯಕ್ಷರು ಎದ್ದು, ಹಿಂದೆ ಯಾವಾಗಲೋ ಸದಸ್ಯರಾಗಿದ್ದ ಹಿರಿಯರೊಬ್ಬರು ತೀರಿಕೊಂಡಿದ್ದಾರೆ ಎಂದು ಶೋಕದ ಠರಾವು ಓದಿದರು. ಎಲ್ಲರೂ ಎದ್ದು ನಿಂತೆವು. ನಾನೂ ಮನಸ್ಸಿಟ್ಟು ನಿಂತೆ, ಸತ್ತವರ ವಿಷಯ. ಮೌನ ಮುಗಿಯಿತು. ಕೂರಬೇಕು ಎನ್ನುವಷ್ಟರಲ್ಲಿ ಎಲ್ಲರೂ ಹೊರಗೆ ನಡೆದರು.

"ಎಲ್ಲಿ ಹೊಂಟ್ರು?" ಎಂದೆ.

"ಮುಗೀತು. ಶೋಕದ ಗೌರವಕ್ಕೆ ಸಭೆ ಮುಂದೂಡಿದ್ರು," ಎಂದರು ಬ್ಯಾಂಕಿನವರು.

"ಸತ್ತವರು ಬಜೆಟ್ ಮಾಡಬ್ಯಾಡ ಅಂದಿದ್ರೇನು?"

"ಮೆಲ್ಲಗೆ ಮಾತಾಡಿ, ಮಾರಾಯ್ರೆ. ಅದು ಇಲ್ಲಿನ ಪದ್ಧತಿ."

ಎರಡನೆಯ ಸಲ ಹೋದಾಗಲೂ ಯಾರೋ ತೀರಿಕೊಂಡಿದ್ದರು. ಈ ಸಲದವರು ಈ ಊರಿನವರೂ ಅಲ್ಲ. ಪಕ್ಕದಲ್ಲಿ ಕುಳಿತಿದ್ದ ಒಬ್ಬ ಮುದುಕ ನೀರಿನ ಕೊಳವೆಯ ದೂರು ಹಿಡಿದು ಬಂದಿದ್ದ. ಅವನು ಮೌನ ನಿಂತಿರುವಾಗಲೇ ಚಪ್ಪಲಿ ಮೆಟ್ಟಿಕೊಂಡ. ಅವನಿಗೆ ಅನುಭವ ಇತ್ತು.

ಮೂರನೆಯ ಸಲ ದೇವರ ದಯೆಯಿಂದ ಎಲ್ಲರೂ ಬದುಕಿದ್ದರು. ಸಭೆ ನಡೆಯಿತು. ಬಾಂಕಡಾದ ವಿಷಯ ಬಂತು.

ಬಾಂಕಡಾ ಎಂದರೆ ಸಿಮೆಂಟಿನ ಬೆಂಚು. ಸದಸ್ಯರಿಗೆ ಸಿಗುವ ಅನುದಾನದಲ್ಲಿ ಅದನ್ನು ಮಾಡಿಸಿ, ಒರಗುವ ಕಡೆ ತಮ್ಮ ಹೆಸರು ಬರೆಸಿ, ಊರು ತುಂಬ ಇಡುತ್ತಾರೆ. ಪಾನ್ ಅಂಗಡಿಯ ಮುಂದೆ, ಹುಣಸೆ ಮರದ ಕೆಳಗೆ, ಎಲ್ಲಿ ನೋಡಿದರೂ ಬಾಂಕಡಾ. ನಮ್ಮ ಬೀದಿಯಲ್ಲಿ ಒಂದನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಾರೆ, ಹೆಸರು ರಸ್ತೆಗೆ ಕಾಣಬೇಕಲ್ಲ. ಅದರ ಮೇಲೆ ನಾಯಿ ಕೂಡ ಕೂರುವುದಿಲ್ಲ.

ಸಭೆಯಲ್ಲಿ ಒಬ್ಬರು ಎದ್ದು ತಮ್ಮ ವಾರ್ಡಿಗೆ ಬಾಂಕಡಾ ಕಡಿಮೆ ಬಂದಿವೆ ಎಂದರು. ಇನ್ನೊಬ್ಬರು ತಮ್ಮ ಹೆಸರಿನ ಬಾಂಕಡಾವನ್ನು ಎದುರು ಪಕ್ಷದವರು ರಾತ್ರೋರಾತ್ರಿ ತಿರುಗಿಸಿ ಇಟ್ಟಿದ್ದಾರೆ ಎಂದು ಮೇಜು ಗುದ್ದಿದರು. ಮತ್ತೊಬ್ಬರು ಅಳಿಸಿದ ಹೆಸರಿನ ಫೋಟೊ ಎತ್ತಿ ಹಿಡಿದರು. ಅಧ್ಯಕ್ಷರು ಗಂಟೆ ಬಾರಿಸಿಯೇ ಬಾರಿಸಿದರು. ಊಟದ ಹೊತ್ತು ಮೀರಿತು. ನನ್ನ ಹೆಂಡತಿ ಮನೆಯಲ್ಲಿ ಪಕ್ಕದ ಮನೆಯವಳ ಕೈಯಲ್ಲಿ ಊಟ ಮಾಡುತ್ತಿದ್ದಳು, ನಾನು ಇಲ್ಲಿ ಬೆಂಚಿನ ಬೆನ್ನು ಯಾವ ದಿಕ್ಕಿಗಿರಬೇಕು ಎಂಬ ಚರ್ಚೆ ಕೇಳುತ್ತಿದ್ದೆ.

ಬಾಂಕಡಾ ಮುಗಿದು ಎಲ್ಲರಿಗೂ ಹಸಿವಾದ ಮೇಲೆ ಆರೋಗ್ಯ ಕೇಂದ್ರದ ವಿಷಯ ಬಂತು. ಒಬ್ಬ ಅಧಿಕಾರಿ ಉಸಿರು ಬಿಡದೆ ಓದಿದರು. ಆಗ ನಮ್ಮ ನಾಲ್ಕನೆಯ ಸದಸ್ಯರು ಎದ್ದರು. ನಾನು ಬ್ಯಾಂಕಿನವರ ಮೊಣಕೈ ತಿವಿದೆ.

ಅವರು ಚೆನ್ನಾಗಿಯೇ ಮಾತಾಡಿದರು. ತಮ್ಮ ವಾರ್ಡಿನ ಕೇಂದ್ರದಲ್ಲಿ ಲೋಕಭಾಗೀದಾರಿಯಿಂದ ಹೊಸ ಸಲಕರಣೆ ಬಂದಿದೆ, ಕರ್ನಾಟಕದಿಂದ ಬಂದು ನೆಲೆಸಿದ ಉದಾರ ಉದ್ಯಮಿಯೊಬ್ಬರು ಪುರಸಭೆಯಿಂದ ಒಂದು ಪೈಸೆ ಪಡೆಯದೆ ಮಾಡಿಕೊಟ್ಟಿದ್ದಾರೆ, ಆ ದಾನಿಗಳು ಈಗ ಗ್ಯಾಲರಿಯಲ್ಲಿಯೇ ಇದ್ದಾರೆ ಎಂದರು. ಎಲ್ಲರೂ ತಿರುಗಿ ನೋಡಿದರು, ಮೇಜು ತಟ್ಟಿದರು. ನನಗೆ ಸಂಕೋಚವಾಯಿತು. ಸುಳ್ಳು ಯಾಕೆ, ಖುಷಿಯೂ ಆಯಿತು. ಉದ್ಯಮಿ ಎಂದು ನನ್ನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ.

ಮೇಜು ತಟ್ಟುವುದು ನಿಂತ ಮೇಲೆ ಅಧ್ಯಕ್ಷರು ಹೇಳಿದರು: "ಬಹಳ ಸಂತೋಷ. ಈ ಕೇಂದ್ರಕ್ಕೆ ದಾನಿಗಳೇ ಮುಂದೆ ಬಂದಿರುವುದರಿಂದ ಫಿಸಿಯೊಥೆರಪಿಯನ್ನು ಲೋಕಭಾಗೀದಾರಿಯಲ್ಲಿಯೇ ನಡೆಸೋಣ. ಪುರಸಭೆಯ ಹಣ ಬೇರೆ ಅಗತ್ಯಕ್ಕೆ ಹೋಗಲಿ. ಮಂಜೂರ್?"

"ಮಂಜೂರ್, ಮಂಜೂರ್," ಎಂದರು ಎಲ್ಲರೂ. ನಮ್ಮ ಸದಸ್ಯರದೇ ಜೋರು ದನಿ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಕೂಡಲೇ ಎದ್ದು ನಿಂತೆ. "ಸಾಹೇಬರೇ, ನಾ ಕೊಟ್ಟಿದ್ದು ಪೈಪು! ಬೆನ್‌ನ ಪಗಾರ ಅಲ್ಲ! ಪೈಪು ಏನು ತಾನಾಗಿ ವ್ಯಾಯಾಮ ಮಾಡಸ್ತೈತೇನು?" ಗಾಬರಿಯಲ್ಲಿ ಎಲ್ಲವನ್ನೂ ಕನ್ನಡದಲ್ಲಿಯೇ ಕೂಗಿದ್ದೆ. ಕೆಳಗಿನವರು ದಾನಿಗಳು ಧನ್ಯವಾದ ಹೇಳುತ್ತಿದ್ದಾರೆ ಎಂದುಕೊಂಡು ಇನ್ನೊಮ್ಮೆ ಮೇಜು ತಟ್ಟಿದರು. ಗುಜರಾತಿಯಲ್ಲಿ ಶುರು ಮಾಡುವಷ್ಟರಲ್ಲಿ ಕಾವಲಿನವನು ಬಂದು ತೋಳು ಹಿಡಿದ. "ಕಾಕಾ, ಬೇಸೀ ಜಾವ್." ಕೂರು ಎಂದು ಹೇಳುತ್ತ ಹೊರಗೆ ಕರೆದುಕೊಂಡು ಹೋದ.

ಮೆಟ್ಟಿಲ ಮೇಲೆ ಬ್ಯಾಂಕಿನವರು, "ಒಂದು ಜೋಡಿ ಕಂಬಿಗೆ ಒಂದು ಕೇಂದ್ರ ಬಂತು. ಇನ್ನೊಂದು ಗೇಟು ಮಾಡಿಕೊಟ್ಟಿದ್ರೆ ಪುರಸಭೆನೇ ನಿಮ್ಮ ಹೆಸರಿಗೆ ಬರ್ಕೊಡ್ತಿದ್ರು," ಎಂದರು. ನಾನು ನಗದಿದ್ದುದನ್ನು ಕಂಡು, ಹೆಗಲ ಮೇಲೆ ಕೈ ಹಾಕಿಕೊಂಡು ನಡೆದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಮೇಜು ತಟ್ಟಿದ್ರಾ?"

"ತಟ್ಟಿದ್ರು."

"ಮಾಲಿ ಹಾಕಲಿಲ್ಲ?"

"ನೀ ಸುಮ್ಕಿರು."

"ನಾ ಸುಮ್ಕ ಇದ್ದೀನ್ರೀ. ನಿಮ್ಮ ಕೈ ಸುಮ್ಕ ಇರೂದಿಲ್ಲ. ಹಗ್ಗ ಕಟ್ಟಿದ ಕಂಬಿ ಇದ್ದಾಗ ಬೆನ್ ಇದ್ಲು. ಸ್ಟೀಲ್ ಬಂತು, ಬೆನ್ ಹೋದ್ಲು." ಅಷ್ಟು ಹೇಳಿ ಗೋಡೆ ಕಡೆ ತಿರುಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ಸ್ಪ್ಯಾನರ್ ಹಿಡಿದು ಕೇಂದ್ರಕ್ಕೆ ಹೋದೆ. ದಾನವನ್ನೇ ವಾಪಸು ಪಡೆದರೆ ದಾನಿಯೂ ಇಲ್ಲ, ಲೋಕಭಾಗೀದಾರಿಯೂ ಇಲ್ಲ, ಅಲ್ಲವೇ? ಮೊದಲ ಬೋಲ್ಟು ಸಡಿಲಿಸುವಾಗಲೇ ಅಲ್ಲಿಯ ಗುಮಾಸ್ತ ಓಡಿ ಬಂದ. ಒಮ್ಮೆ ಕೊಟ್ಟ ಮೇಲೆ ಅದು ಪುರಸಭೆಯ ಆಸ್ತಿ, ಬಿಚ್ಚಿದರೆ ಕಳವಿನ ಕೇಸಾಗುತ್ತದೆ ಎಂದ. ನಾನೇ ಬಗ್ಗಿಸಿದ ಪೈಪನ್ನು ನಾನೇ ಕದಿಯುವುದು ಹೇಗೆ ಎಂದು ಕೇಳಿದೆ. ಅವನು ಫಲಕ ತೋರಿಸಿದ. ಅದರಲ್ಲಿ ನನ್ನ ಹೆಸರು ಎಲ್ಲಿದೆ?

ಸಡಿಲಿಸಿದ ಬೋಲ್ಟನ್ನು ಬಿಗಿ ಮಾಡಿಯೇ ಬಂದೆ. ಹೆಂಗಸರು ಹಿಡಿಯುವ ಕಂಬಿ ಅದು.

ಮಾರ್ಚ್ ಮುಗಿಯಿತು, ಬೆನ್ ಹೋದಳು. ಮಂಜಲ್‌ಪುರದ ಒಂದು ಕ್ಲಿನಿಕ್ಕಿನಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತ್ತು. ಹೋಗುವ ಮುಂಚೆ ಹೆಂಗಸರಿಗೆಲ್ಲ ಅವರವರ ವ್ಯಾಯಾಮ ಮತ್ತೊಮ್ಮೆ ಮಾಡಿಸಿ, ಗಂಡಂದಿರಿಗೂ ಸೊಸೆಯರಿಗೂ ತೋರಿಸಿಕೊಟ್ಟಳು. ನಾನೂ ಕಲಿತೆ. ಆಮೇಲೆ ಇವಳು ವಾರಗಟ್ಟಲೆ ಮಂಚ ಬಿಟ್ಟು ಏಳಲಿಲ್ಲ. ಕಾಲು ಮತ್ತೆ ಬಿಗಿಯತೊಡಗಿತು. ಮನೆಯಲ್ಲಿ ನಾನು ಮಾಡಿಸಲು ಹೋದರೆ, "ನೀವು ಗೇಟು ಮಾಡ್ರಿ," ಎನ್ನುತ್ತಿದ್ದಳು.

ಉಪ್ಪಿನಕಾಯಿಯ ಜಗಳಗಾರ್ತಿ ಒಂದು ದಿನ ಮನೆಗೇ ಬಂದಳು. ಅವಳೂ ಕೋಲು ಊರಿಕೊಂಡೇ ಬಂದವಳು. ಕೋಣೆಯ ಕೀಲಿ ಗುಡಿಸುವವಳ ಹತ್ತಿರ ಇದೆ, ತೆಗೆಸಿದ್ದೇವೆ, ನೀನೂ ಬಾ ಎಂದಳು. ನನಗೆ ರೇಗಿತು. ನೀವು ನೀವೇ ಮಾಡಿಕೊಂಡರೆ ಪುರಸಭೆ ಇನ್ನೆಂದೂ ಬೆನ್‌ನನ್ನು ಕಳಿಸುವುದಿಲ್ಲ, ನೋಡಿ, ಇದೂ ಲೋಕಭಾಗೀದಾರಿ ಎನ್ನುತ್ತಾರೆ ಎಂದೆ. ಹೆಂಡತಿ ಅಷ್ಟರಲ್ಲಿ ಎಡಗೈಯಿಂದ ಚಪ್ಪಲಿ ಹುಡುಕುತ್ತಿದ್ದಳು.

ನಾನು ಹೇಳಿದ್ದೇ ಆಯಿತು. ಹದಿನೈದು ದಿನ ಕಳೆದಿರಲಿಕ್ಕಿಲ್ಲ, ನಾಲ್ಕನೆಯ ಸದಸ್ಯರು ಫೋಟೊದವನ ಜೊತೆ ಬಂದರು. ಸ್ವಾವಲಂಬಿ ಮಹಿಳೆಯರು ಎಂದು ಪೇಪರಿಗೆ ಹಾಕಿಸಬೇಕಂತೆ. ನನ್ನ ಹೆಂಡತಿ ಕಂಬಿಯ ನಡುವೆ ನಿಂತಿದ್ದಳು. "ವಾಹ್ ಮಾಸಿ!" ಎಂದು ಸ್ವಂತ ಚಿಕ್ಕಮ್ಮನನ್ನು ಕರೆದಂತೆ ಕರೆದು ಹೋಗಿ, ಅವಳ ಬಲಗೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು, ಕ್ಯಾಮೆರಾದ ಕಡೆ ನಕ್ಕರು.

ಲಕ್ವದ ಕೈಯ ಒಂದು ಗುಣ ಇದೆ. ಏನಾದರೂ ಅಂಗೈಗೆ ಸಿಕ್ಕಿದರೆ ಬೆರಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಬಿಡು ಎಂದರೆ ಬಿಡುವುದಿಲ್ಲ, ಅದು ಅವಳ ಮಾತೂ ಕೇಳುವುದಿಲ್ಲ. ಎಳೆದಷ್ಟೂ ಬಿಗಿಯುತ್ತದೆ. ಫೋಟೊ ಆಯಿತು. ಸದಸ್ಯರು ಕೈ ಎಳೆದುಕೊಂಡರು. ಬರಲಿಲ್ಲ. ನಗುತ್ತಲೇ ಇನ್ನೊಮ್ಮೆ ಎಳೆದರು. ಅವರ ಉಂಗುರ ಒಳಗೆ ಒತ್ತಿ ಮುಖ ಸೊಟ್ಟಗಾಯಿತು.

"ಮಾಸಿ, ಛೋಡೋ ನೆ."

"ಬೆನ್ ಕ್ಯಾರೆ ಆವ್‌ಶೆ?" ಎಂದಳು ನನ್ನ ಹೆಂಡತಿ. ಬೆನ್ ಯಾವಾಗ ಬರುತ್ತಾಳೆ?

"ಥಈ ಜಶೆ, ಮಾಸಿ, ಥಈ ಜಶೆ. ಕೈ ಬಿಡಿ."

"ಬೆನ್ ಕ್ಯಾರೆ ಆವ್‌ಶೆ?"

ಉಪ್ಪಿನಕಾಯಿಯವಳು ಕುರ್ಚಿಯಲ್ಲಿ ಕೂತಲ್ಲಿಂದಲೇ, "ಆ ಕೈ ಬಿಡಿಸೋದು ಬೆನ್‌ಗೆ ಮಾತ್ರ ಗೊತ್ತು, ಸಾಹೇಬ," ಎಂದಳು. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು.

ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಸದಸ್ಯರು ತಿರುಗಿದರು. "ಕಾಕಾ! ಏನಾದ್ರೂ ಮಾಡಿ!"

ಬಿಡಿಸುವುದು ನನಗೂ ಗೊತ್ತಿತ್ತು. ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಗ್ಗಿಸಿ, ಕೈಯ ಮೇಲ್ಭಾಗವನ್ನು ಸವರುತ್ತ ಕಾಯಬೇಕು. ಬೆನ್ ಹೇಳಿಕೊಟ್ಟಿದ್ದಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.

"ನನಗೆ ಪೈಪಿನ ಕೆಲಸ ಮಾತ್ರ ಗೊತ್ತು, ಸಾಹೇಬರೇ," ಎಂದೆ. ಈ ಸಲ ಗುಜರಾತಿಯಲ್ಲಿ.

ಅವರು ಎಡಗೈಯಿಂದ ಜೇಬಿನ ಫೋನು ತೆಗೆದು ಪುರಸಭೆಯ ಮುಖ್ಯಾಧಿಕಾರಿಗೆ ಹಚ್ಚಿದರು. ಹೆಂಗಸರಿಗೆಲ್ಲ ಕೇಳುವಂತೆ ಮಾಡಿ ಎಂದೆ, ಮಾಡಿದರು. ವಾರಕ್ಕೆ ಎರಡು ದಿನ ಬೆನ್ ಬರಲಿ, ಮುಂದಿನ ಸಭೆಯವರೆಗೆ, ಪಗಾರ ಯಾವುದೋ ಬೇರೆ ಖಾತೆಯಿಂದ ಎಂದು ಆ ಕಡೆಯವರು ಗೊಣಗಿದರು. ಅಷ್ಟಾದ ಮೇಲೆ ಹೋಗಿ ಮಣಿಕಟ್ಟು ಬಗ್ಗಿಸಿದೆ.

ಮನೆಗೆ ಬರುವಾಗ ಆಟೊದಲ್ಲಿ ಕೇಳಿದೆ. "ಬೇಕಂತ ಹಿಡಿದ್ಯೇನು?"

"ಹಿಡದದ್ದು ಕೈ. ಕೇಳಿದ್ದು ನಾನು," ಎಂದಳು.

ಬೆನ್ ಈಗ ಬುಧವಾರ, ಶನಿವಾರ ಬರುತ್ತಾಳೆ. ಉಳಿದ ದಿನ ಇವರೇ. ಎರಡು ದಿನಕ್ಕೆ ಕಾಲು ಬೇಗ ಬಗ್ಗುವುದಿಲ್ಲ, ಹೋದ ಸಂಕ್ರಾಂತಿಗೆ ಇದ್ದಲ್ಲಿಗೆ ಅವಳು ಇನ್ನೂ ಬಂದು ಮುಟ್ಟಿಲ್ಲ. ಮುಂದಿನ ಸಭೆಯಲ್ಲಿ ವಿಷಯ ಮತ್ತೆ ಬರಬೇಕು, ಅಷ್ಟರೊಳಗೆ ಎಷ್ಟು ಹಿರಿಯರು ತೀರಿಕೊಳ್ಳುತ್ತಾರೋ ದೇವರೇ ಬಲ್ಲ. ನಾಲ್ಕನೆಯ ಸದಸ್ಯರು ಈಗಲೂ ಕೇಂದ್ರಕ್ಕೆ ಬರುತ್ತಾರೆ. ಬಾಗಿಲ ಆಚೆ ನಿಂತು, ಎರಡೂ ಕೈ ಎದೆಗೆ ಒತ್ತಿ ಹಿಡಿದು, ಮಾಸಿಗೆ ನಮಸ್ಕಾರ ಮಾಡಿ ಹೋಗುತ್ತಾರೆ.